ಶುಕ್ರವಾರ ಸಂಜೆಯ ಪ್ರಶ್ನೆ: ಜರ್ಮನಿಯಲ್ಲಿ ಇಂಟರ್ನ್‌ಗಳ ವಾರಾಂತ್ಯ

ಶುಕ್ರವಾರ ಸಂಜೆ ನಾಲ್ಕು ದಾಟುತ್ತಿದ್ದಂತೆ ಜರ್ಮನಿಯ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು ಖಾಲಿಯಾಗತೊಡಗುತ್ತವೆ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಶುಭ ಹಾರೈಸಿ, ಸೈಕಲ್ ಏರಿ ಹೊರಟುಬಿಡುತ್ತಾರೆ. ಬೇಸಿಗೆಯ ಎರಡು-ಮೂರು ತಿಂಗಳ ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿನಿಂದಲೋ ಸುರತ್ಕಲ್‌ನಿಂದಲೋ ಅಲ್ಲಿಗೆ ಹೋದ ವಿದ್ಯಾರ್ಥಿಯ ಎದುರು ಮಾತ್ರ ಸೋಮವಾರ ಬೆಳಗಿನವರೆಗೆ ಅರವತ್ತು ಗಂಟೆಗೂ ಮೀರಿದ ಬಿಡುವು ಚಾಚಿಕೊಂಡಿರುತ್ತದೆ. ಪರಿಚಯದವರಿಲ್ಲ, ಭಾಷೆ ಬಾರದು, ವಿದ್ಯಾರ್ಥಿಗಳ ಭೋಜನಶಾಲೆಯಾದ ಮೆನ್ಸಾ ಹೆಚ್ಚಿನ ಕಡೆ ವಾರಾಂತ್ಯಕ್ಕೆ ಮುಚ್ಚಿರುತ್ತದೆ. ಮೊದಲ ಎರಡು ವಾರಾಂತ್ಯಗಳನ್ನು ಕೋಣೆಯೊಳಗೇ ಮೊಬೈಲ್ ನೋಡುತ್ತ ಕಳೆದವರ ಸಂಖ್ಯೆ ಸಣ್ಣದೇನಲ್ಲ.

ವಾರಾಂತ್ಯದ ಯೋಜನೆಯೆಂದರೆ ಮೋಜಿನ ಮಾತು, ಮಕ್ಕಳು ಹೇಗೋ ನೋಡಿಕೊಳ್ಳುತ್ತಾರೆ ಎಂದು ಪಾಲಕರು ಭಾವಿಸುವುದು ಸಹಜ. ಆದರೆ ಪರದೇಶದಲ್ಲಿ ಒಂಟಿತನ ಕಾಡುವುದು ಕೆಲಸದ ದಿನಗಳಲ್ಲಲ್ಲ, ಶನಿವಾರ ಮತ್ತು ಭಾನುವಾರ. ಕೈಯಲ್ಲಿರುವ ವಿದ್ಯಾರ್ಥಿವೇತನ ಕರಗುವುದೂ ಆಗಲೇ, ವೀಸಾ ಕುರಿತ ತಪ್ಪುಗಳು ಘಟಿಸುವುದೂ ಆಗಲೇ. ಹನ್ನೆರಡು ವಾರಗಳ ಅವಧಿಯಲ್ಲಿ ಮನೆ ಹೊಂದಿಸಿಕೊಳ್ಳುವ ಮೊದಲ ವಾರ, ವರದಿ ಬರೆಯುವ ಮತ್ತು ಪೆಟ್ಟಿಗೆ ಕಟ್ಟುವ ಕೊನೆಯ ಎರಡು ವಾರಗಳನ್ನು ಕಳೆದರೆ ಉಳಿಯುವುದು ಎಂಟೊಂಬತ್ತು ವಾರಾಂತ್ಯಗಳು ಮಾತ್ರ.

ಬಾಗಿಲು ಮುಚ್ಚಿದ ಭಾನುವಾರ

ಭಾರತದಿಂದ ಹೋದವರಿಗೆ ಮೊದಲ ಪೆಟ್ಟು ಕೊಡುವುದು ಜರ್ಮನಿಯ ಭಾನುವಾರ. ನಮ್ಮಲ್ಲಿ ಅಂದು ಪೇಟೆ ತುಂಬಿ ತುಳುಕಿದರೆ, ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಇದು ಬರಿಯ ರೂಢಿಯಲ್ಲ. ಭಾನುವಾರ ಮತ್ತು ಸರಕಾರಿ ರಜಾದಿನಗಳನ್ನು ವಿಶ್ರಾಂತಿಯ ದಿನಗಳೆಂದು ರಕ್ಷಿಸುವ 1919ರ ವೈಮಾರ್ ಸಂವಿಧಾನದ 139ನೇ ವಿಧಿಯನ್ನು 1949ರ ಜರ್ಮನ್ ಸಂವಿಧಾನವು ತನ್ನ 140ನೇ ವಿಧಿಯ ಮೂಲಕ ಹಾಗೆಯೇ ಉಳಿಸಿಕೊಂಡಿದೆ. ದೊಡ್ಡ ರೈಲು ನಿಲ್ದಾಣಗಳ ಅಂಗಡಿಗಳು, ಪೆಟ್ರೋಲ್ ಬಂಕ್‌ಗಳು, ಬೆಳಗಿನ ಕೆಲ ಗಂಟೆ ಬೇಕರಿಗಳು ತೆರೆದಿರುತ್ತವೆ. ಉಳಿದಂತೆ ಅಕ್ಕಿ, ಹಾಲು, ತರಕಾರಿಯೆಲ್ಲ ಶನಿವಾರವೇ ಮನೆ ಸೇರಬೇಕು. ಭಾನುವಾರ ಗೋಡೆಗೆ ಮೊಳೆ ಹೊಡೆದರೂ ನೆರೆಮನೆಯವರು ಬಂದು ಬಾಗಿಲು ತಟ್ಟಬಹುದು!

ಮೇ ಮತ್ತು ಜೂನ್ ತಿಂಗಳಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ಕ್ರಿಸ್ತನ ಸ್ವರ್ಗಾರೋಹಣದ ದಿನ ಯಾವಾಗಲೂ ಗುರುವಾರವೇ ಬರುತ್ತದೆ. ಬವೇರಿಯಾ, ಬಾಡೆನ್-ವುರ್ಟೆಂಬರ್ಗ್ ಮೊದಲಾದ ರಾಜ್ಯಗಳಲ್ಲಿ ಕೆಲ ವಾರಗಳ ಅನಂತರ ಬರುವ ಕಾರ್ಪಸ್ ಕ್ರಿಸ್ಟಿ ಹಬ್ಬವೂ ಗುರುವಾರದ ರಜೆಯೇ. ನಡುವಿನ ಶುಕ್ರವಾರವನ್ನು ಜರ್ಮನ್ನರು 'ಸೇತುವೆಯ ದಿನ' ಎಂದು ಕರೆದು ರಜೆ ಹಾಕಿಬಿಡುತ್ತಾರೆ. ಇಂಟರ್ನ್ ಆದವರು ಒಂದು ವಾರ ಮೊದಲೇ ಮಾರ್ಗದರ್ಶಕ ಪ್ರಾಧ್ಯಾಪಕರನ್ನು ಕೇಳಿಕೊಂಡರೆ ನಾಲ್ಕು ದಿನಗಳ ಬಿಡುವು ಸಿಗಬಹುದು. ಕೇಳದಿದ್ದರೆ ನಿರ್ಜನ ಪ್ರಯೋಗಾಲಯದಲ್ಲಿ ಒಬ್ಬರೇ ಕುಳಿತಿರಬೇಕಾಗುತ್ತದೆ.

ಒಂದು ಟಿಕೆಟ್, ಇಡೀ ದೇಶ

ವಾರಾಂತ್ಯದ ಲೆಕ್ಕಾಚಾರವನ್ನೇ ಬದಲಿಸಿದ್ದು ರೈಲು ಟಿಕೆಟ್. 1995ರಲ್ಲಿ ಜರ್ಮನ್ ರೈಲ್ವೆ 15 ಮಾರ್ಕ್ ಬೆಲೆಗೆ ಐದು ಮಂದಿ ಪ್ರಯಾಣಿಸಬಹುದಾದ ವಾರಾಂತ್ಯದ ಟಿಕೆಟ್ ಹೊರತಂದಾಗ ವಿದ್ಯಾರ್ಥಿಗಳು ಮುಗಿಬಿದ್ದಿದ್ದರು. ಆ ಟಿಕೆಟ್ 2019ರಲ್ಲಿ ನಿಂತುಹೋಯಿತು. 2022ರ ಬೇಸಿಗೆಯಲ್ಲಿ ಮೂರು ತಿಂಗಳು ಮಾತ್ರ ಚಾಲ್ತಿಯಲ್ಲಿದ್ದ 9 ಯೂರೋ ಟಿಕೆಟ್‌ನ ಯಶಸ್ಸನ್ನು ಕಂಡು 2023ರ ಮೇ ತಿಂಗಳಲ್ಲಿ 'ಡಾಯ್ಚ್‌ಲಾಂಡ್ ಟಿಕೆಟ್' ಬಂತು. ಆರಂಭದಲ್ಲಿ ತಿಂಗಳಿಗೆ 49 ಯೂರೋ ಇದ್ದದ್ದು 2025ರ ಜನವರಿಯಲ್ಲಿ 58ಕ್ಕೆ, 2026ರ ಜನವರಿಯಲ್ಲಿ 63ಕ್ಕೆ ಏರಿತು. ರೂಪಾಯಿ ಲೆಕ್ಕದಲ್ಲಿ ಆರು ಸಾವಿರಕ್ಕೂ ಹೆಚ್ಚಾದರೂ ದೇಶದ ಎಲ್ಲ ನಗರಗಳ ಬಸ್, ಟ್ರಾಮ್, ಮೆಟ್ರೋ ಮತ್ತು ಪ್ರಾದೇಶಿಕ ರೈಲುಗಳಲ್ಲಿ ಇದೊಂದೇ ಟಿಕೆಟ್ ಸಾಕು.

ಆದರೆ ಐಸಿಇ, ಐಸಿ ಮುಂತಾದ ದೂರಗಾಮಿ ವೇಗದ ರೈಲುಗಳಿಗೆ ಇದು ನಡೆಯದು. ಅರಿಯದೆ ಹತ್ತಿದವರಿಗೆ ದಂಡ ಖಚಿತ. ಟಿಕೆಟ್ ಇಲ್ಲದ ಪ್ರಯಾಣಕ್ಕೆ ಸಾಮಾನ್ಯ ದಂಡ 60 ಯೂರೋ, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಟಿಕೆಟ್‌ನ ಬೆಲೆ. ಇನ್ನೊಂದು ತೊಡಕು, ಈ ಟಿಕೆಟ್ ಚಂದಾ ರೂಪದ್ದು. ಆಯಾ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಕಡಿತವಾಗುತ್ತದೆ. ಊರಿಗೆ ಮರಳಿ ಕಾಲೇಜು ಸೇರಿದ ಮೇಲೂ ಜರ್ಮನಿಯ ಬಸ್ಸಿಗೆ ಹಣ ಕಟ್ಟುವ ಸ್ಥಿತಿ ಯಾರಿಗೂ ಬೇಡ.

ನಿಧಾನದ ರೈಲು ಎಂದಮೇಲೆ ದೂರಕ್ಕೂ ಒಂದು ಮಿತಿ ಹಾಕಿಕೊಳ್ಳುವುದೇ ಜಾಣತನ. ಒಂದು ಕಡೆಗೆ ಮೂರು ಗಂಟೆಯ ಪ್ರಯಾಣ ಎಂಬುದು ಒಳ್ಳೆಯ ಅಳತೆ. ಮ್ಯೂನಿಕ್‌ನಲ್ಲಿರುವವರು ಎರಡು ಗಂಟೆಯೊಳಗೆ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ತಲುಪಬಹುದು. ಆ ನಿಲ್ದಾಣದವರೆಗೂ ಇದೇ ಟಿಕೆಟ್ ಸಲ್ಲುತ್ತದೆ. ಎರಡನೇ ಲುಡ್ವಿಗ್ ದೊರೆ 1869ರಲ್ಲಿ ಕಟ್ಟಿಸತೊಡಗಿದ, 2025ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ನೊಯ್‌ಶ್ವಾನ್‌ಸ್ಟೈನ್ ಕೋಟೆಗೆ ಫ್ಯೂಸೆನ್ ಮೂಲಕ ಒಂದೇ ದಿನದಲ್ಲಿ ಹೋಗಿಬರಬಹುದು. ಆದರೆ ಒಳಗಿನ ಪ್ರವೇಶಕ್ಕೆ ನಿಗದಿತ ಸಮಯದ ಟಿಕೆಟ್ ಮೊದಲೇ ಕಾದಿರಿಸದಿದ್ದರೆ ಹೊರಗೋಡೆಯಷ್ಟೇ ದರ್ಶನ. 2,962 ಮೀಟರ್ ಎತ್ತರದ ತ್ಸುಗ್‌ಸ್ಪಿಟ್ಸೆ ಶಿಖರದ ಬುಡದ ಗಾರ್ಮಿಶ್ ಊರಿಗೆ ಟಿಕೆಟ್ ಸಾಕಾಗುತ್ತದೆ. ಶಿಖರಕ್ಕೇರುವ ರೈಲಿಗೆ ಬೇರೆ ಹಣ ತೆರಬೇಕು.

ಇದರ ನಡುವೆ ಎಂಟು ವಾರಾಂತ್ಯಗಳಲ್ಲಿ ಎಂಟು ರಾಷ್ಟ್ರಗಳ ರಾಜಧಾನಿ ನೋಡಿಬರುವ ಹಟಕ್ಕೆ ಬೀಳುವವರೂ ಇದ್ದಾರೆ. ರಾತ್ರಿಯ ಬಸ್ಸಿನಲ್ಲಿ ಕುಳಿತೇ ನಿದ್ದೆ, ಬೆಳಿಗ್ಗೆ ಐಫೆಲ್ ಗೋಪುರದೆದುರು ಒಂದು ಚಿತ್ರ, ಸೋಮವಾರ ಪ್ರಯೋಗಾಲಯದಲ್ಲಿ ತೂಕಡಿಕೆ. ಇಂಥ ಪ್ರವಾಸದಲ್ಲಿ ಹೆಚ್ಚಾಗಿ ನೋಡಸಿಗುವುದು ಬಸ್ ನಿಲ್ದಾಣಗಳನ್ನೇ.

ಗಡಿ ಮತ್ತು ವೀಸಾ

ಷೆಂಗೆನ್ ವಲಯದಲ್ಲಿ 2025ರಿಂದ 29 ರಾಷ್ಟ್ರಗಳಿವೆ. ಜರ್ಮನಿಯ ವೀಸಾ ಇದ್ದರೆ ಫ್ರಾನ್ಸ್, ಇಟಲಿ, ಜೆಕ್ ಗಣರಾಜ್ಯ, ಸ್ವಿಟ್ಜರ್ಲೆಂಡ್‌ಗಳಿಗೆ ಹೋಗಲು ಬೇರೆ ಅನುಮತಿ ಬೇಕಿಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ಈ ವಲಯದಲ್ಲಿ ಇಲ್ಲ. ಅಲ್ಲಿಗೆ ಪ್ರತ್ಯೇಕ ವೀಸಾ ಪಡೆಯಬೇಕು. ಅಷ್ಟೇ ಅಲ್ಲ, ಒಂದೇ ಪ್ರವೇಶಕ್ಕೆ ಮಾತ್ರ ಅನುಮತಿಯಿರುವ ಅಲ್ಪಾವಧಿ ವೀಸಾ ಪಡೆದವರು ಲಂಡನ್ ನೋಡಲೆಂದು ಹೊರಬಿದ್ದರೆ ಜರ್ಮನಿಗೆ ಮರಳುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ವೀಸಾ ಚೀಟಿಯ ಮೇಲಿನ 'ಪ್ರವೇಶಗಳ ಸಂಖ್ಯೆ' ಎಂಬ ಕಿರು ಕಾಲಂ ಓದದೆ ಯಾವ ಟಿಕೆಟನ್ನೂ ಕೊಳ್ಳಬಾರದು.

ವಲಯದೊಳಗೆ ಗಡಿಗಳೇ ಇಲ್ಲ ಎಂಬ ಮಾತನ್ನೂ ಈಗ ಪೂರ್ತಿ ನಂಬುವಂತಿಲ್ಲ. ಆಸ್ಟ್ರಿಯಾದ ಗಡಿಯಲ್ಲಿ 2015ರಲ್ಲೇ ತಪಾಸಣೆಯನ್ನು ಮತ್ತೆ ಆರಂಭಿಸಿದ ಜರ್ಮನಿ, 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ತನ್ನ ಎಲ್ಲ ಭೂಗಡಿಗಳಿಗೂ ವಿಸ್ತರಿಸಿತು. ಸಾಲ್ಸ್‌ಬರ್ಗ್‌ನಿಂದ ಮರಳುವ ರೈಲಿನಲ್ಲಿ ಪೊಲೀಸರು ಪಾಸ್‌ಪೋರ್ಟ್ ಕೇಳಿದಾಗ ಮೊಬೈಲ್‌ನಲ್ಲಿರುವ ಚಿತ್ರ ತೋರಿಸಿದರೆ ಸಾಲದು, ಮೂಲಪ್ರತಿಯೇ ಜೇಬಿನಲ್ಲಿರಬೇಕು.

ಯೋಜಿಸುವವರು ಯಾರು?

ಇಂಟರ್ನ್‌ನ ವಾರಾಂತ್ಯವನ್ನು ಬೇರೆಯವರೂ ಯೋಜಿಸಬಹುದು ಎಂಬ ಕಲ್ಪನೆ ಹಳೆಯದು. 1948ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿದ ಐಯೇಸ್ಟೆ ಎಂಬ ಸಂಸ್ಥೆ, ತಾಂತ್ರಿಕ ವಿದ್ಯಾರ್ಥಿಗಳನ್ನು ದೇಶದೇಶಗಳ ನಡುವೆ ತರಬೇತಿಗಾಗಿ ವಿನಿಮಯ ಮಾಡುತ್ತದೆ. ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷವೂ ತುಂಬದ ಕಾಲವದು. ಶತ್ರುಗಳಾಗಿದ್ದ ರಾಷ್ಟ್ರಗಳ ಯುವಕರು ಒಂದೆಡೆ ಬೆರೆಯಲಿ ಎಂಬ ಆಶಯವಿತ್ತು. ವಿಶ್ವವಿದ್ಯಾಲಯಗಳಲ್ಲಿರುವ ಇದರ ಸ್ಥಳೀಯ ಸಮಿತಿಗಳನ್ನು ನಡೆಸುವವರು ವಿದ್ಯಾರ್ಥಿಗಳೇ. ನಿಲ್ದಾಣದಲ್ಲಿ ಎದುರುಗೊಳ್ಳುವುದು, ಕೋಣೆ ಹುಡುಕಿಕೊಡುವುದು, ಬೇರೆ ನಗರಗಳ ಇಂಟರ್ನ್‌ಗಳನ್ನೂ ಕರೆದು ಒಟ್ಟಾಗಿ ಸುತ್ತಾಡಿಸುವುದು ಅವರ ಬೇಸಿಗೆಯ ಕೆಲಸ. ಕರ್ನಾಟಕದ ಮಣಿಪಾಲದಲ್ಲಿಯೂ ಇಂಥ ಸಮಿತಿಯೊಂದಿದೆ.

ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್‌ನ ವಿದ್ಯಾರ್ಥಿವೇತನದ ಮೇಲೆ ಅಥವಾ ಪ್ರಾಧ್ಯಾಪಕರಿಗೆ ನೇರ ಪತ್ರ ಬರೆದು ಹೋದವರಿಗೆ ಇಂಥ ಸ್ವಾಗತ ತಾನಾಗಿ ಸಿಗದು. ಆದರೆ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ಕಚೇರಿ ಅಥವಾ ಇರಾಸ್ಮಸ್ ವಿದ್ಯಾರ್ಥಿ ಜಾಲದ ಸ್ಥಳೀಯ ಘಟಕಕ್ಕೆ ಒಂದು ಇ-ಮೇಲ್ ಕಳುಹಿಸಿದರೆ ಪ್ರವಾಸದ ಪಟ್ಟಿಯಲ್ಲಿ ಹೆಸರು ಸೇರಲು ಅಡ್ಡಿಯಿರದು. ಮ್ಯೂನಿಕ್‌ನ ಸಿರಿಗನ್ನಡ ಕೂಟ, ಫ್ರಾಂಕ್‌ಫರ್ಟ್ ಭಾಗದ ರೈನ್ ಮೈನ್ ಕನ್ನಡ ಸಂಘದಂಥವೂ ಇವೆ. ಯುಗಾದಿ ಮುಗಿದ ಮೇಲೆ ಬಂದು ಗಣೇಶ ಚತುರ್ಥಿಗೆ ಮುನ್ನವೇ ಮರಳುವ ಇಂಟರ್ನ್‌ಗಳಿಗೆ ಸಂಘದ ದೊಡ್ಡ ಹಬ್ಬಗಳು ತಪ್ಪಿಹೋಗುತ್ತವೆ ಎಂಬುದೊಂದು ಕೊರತೆ. ಹಾಗಿದ್ದರೂ ಒಂದು ಪರಿಚಯ, ಒಂದು ಊಟದ ಆಹ್ವಾನ ಅಲ್ಲಿಂದ ಹುಟ್ಟುವ ಸಂಭವ ಹೆಚ್ಚು.

ಊರಲ್ಲೇ ಉಳಿದವರಿಗೆ

ಪ್ರತಿ ವಾರವೂ ರೈಲು ಹತ್ತಬೇಕಾಗಿಲ್ಲ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವ ಆ ನಾಡಿನಲ್ಲಿ ಸಂಜೆಯೇ ಒಂದು ಅರ್ಧ ದಿನವಿದ್ದಂತೆ. ಮ್ಯೂನಿಕ್‌ನ ಇಂಗ್ಲಿಷ್ ಗಾರ್ಡನ್ ವಿಸ್ತಾರದಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಸುಮಾರು ಮೂರು ಪಟ್ಟು. ಅದೇ ನಗರದ ಪಿನಾಕೊಥೆಕ್ ಕಲಾಸಂಗ್ರಹಾಲಯಗಳು ಭಾನುವಾರ ಕೇವಲ 1 ಯೂರೋಗೆ ಪ್ರವೇಶ ನೀಡುವುದರಿಂದ ಹೆಸರಾಗಿವೆ. ಬರ್ಲಿನ್‌ನಲ್ಲಿ 2021ರಲ್ಲಿ ಆರಂಭವಾಗಿದ್ದ ತಿಂಗಳ ಮೊದಲ ಭಾನುವಾರದ ಉಚಿತ ಪ್ರವೇಶ ಮಾತ್ರ ಹಣದ ಅಭಾವದಿಂದ 2024ರ ಕೊನೆಗೆ ನಿಂತಿತು. ಹಳೆಯ ಮಾರ್ಗದರ್ಶಿಗಳನ್ನು ನಂಬಿ ಹೋಗಬಾರದು.

ಬವೇರಿಯಾದ ಬಿಯರ್ ಗಾರ್ಡನ್ ಎಂಬ ಹೆಸರು ಕೇಳಿ ಸಸ್ಯಾಹಾರಿ ಮನೆಗಳ ಮಕ್ಕಳು ಹಿಂಜರಿಯುವುದುಂಟು. 1812ರಲ್ಲಿ ದೊರೆ ಮಾಕ್ಸ್ ಜೋಸೆಫ್, ಬಿಯರ್ ತಯಾರಕರು ತಮ್ಮ ನೆಲಮಾಳಿಗೆಗಳ ಮೇಲಿನ ಮರದ ನೆರಳಲ್ಲಿ ಬಿಯರ್ ಮತ್ತು ಬ್ರೆಡ್ ಮಾರಬಹುದು, ಬೇರೆ ಊಟ ಬಡಿಸುವಂತಿಲ್ಲ ಎಂದು ಆಜ್ಞೆ ಹೊರಡಿಸಿದ. ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಆ ಪದ್ಧತಿ ಇಂದಿಗೂ ಉಳಿದಿದೆ. ಬಟ್ಟೆ ಹಾಸದ ಮೇಜಿನ ಮುಂದೆ ಕುಳಿತು, ನಿಂಬೆಯ ಪಾನಕವೊಂದನ್ನು ಕೊಂಡು, ಮನೆಯಿಂದ ತಂದ ಪುಳಿಯೋಗರೆಯ ಡಬ್ಬಿ ಬಿಚ್ಚಿದರೆ ಆಕ್ಷೇಪಿಸುವವರಿಲ್ಲ. ಒಂದೇ ಉದ್ದ ಮೇಜಿಗೆ ಅಪರಿಚಿತರೂ ಬಂದು ಕೂರುವುದರಿಂದ ಮಾತು ಆರಂಭವಾಗಲು ಇದಕ್ಕಿಂತ ಸುಲಭದ ಜಾಗ ಆ ನಾಡಿನಲ್ಲಿ ಸಿಗಲಾರದು.

ಎಚ್ಚರಿಕೆ ಬೇಕಿರುವುದು ನೀರಿನ ವಿಷಯದಲ್ಲಿ. ಬಿಸಿಲೇರಿದ ಶನಿವಾರ ಎಲ್ಲರೂ ಕೆರೆಗಳತ್ತ ಓಡುತ್ತಾರೆ. ಜರ್ಮನ್ ಮಕ್ಕಳು ಶಾಲೆಯಲ್ಲೇ ಈಜು ಕಲಿಯುತ್ತಾರೆ, ನಮ್ಮವರಲ್ಲಿ ಹೆಚ್ಚಿನವರು ಕಲಿತಿರುವುದಿಲ್ಲ. ಆಲ್ಪ್ಸ್ ತಪ್ಪಲಿನ ಕೆರೆಗಳ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ದಡದಿಂದ ಕೆಲವೇ ಹೆಜ್ಜೆಗೆ ಆಳ ಹಠಾತ್ತನೆ ಹೆಚ್ಚುತ್ತದೆ. ಅಲ್ಲಿನ ಜೀವರಕ್ಷಕ ಸಂಘದ ಲೆಕ್ಕದಂತೆ 2024ರಲ್ಲಿ ಜರ್ಮನಿಯಲ್ಲಿ ಕನಿಷ್ಠ 411 ಮಂದಿ ನೀರಿನಲ್ಲಿ ಮುಳುಗಿ ಮೃತಪಟ್ಟರು. ಅವರಲ್ಲಿ ಬಹುಪಾಲು ಮಂದಿ ಕೆರೆ ಮತ್ತು ನದಿಗಳಲ್ಲಿ. ಜೀವರಕ್ಷಕರಿರುವ ಕಡೆ ಮಾತ್ರ ನೀರಿಗಿಳಿಯಬೇಕು, ಈಜು ಬಾರದವರು ದಡದಲ್ಲೇ ಕೂರಬೇಕು. ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ 112.

ಕನ್ನಡದ ಜಾಡು ಹಿಡಿದು

ಕನ್ನಡಿಗರಿಗೆ ಮಾತ್ರ ಅರ್ಥವಾಗುವ ಕೆಲವು ಪ್ರವಾಸಗಳೂ ದಕ್ಷಿಣ ಜರ್ಮನಿಯಲ್ಲಿವೆ, ಮಾರ್ಗದರ್ಶಿಗಳಲ್ಲಿ ಅವು ಕಾಣವು. ಸ್ಟುಟ್‌ಗಾರ್ಟ್‌ನಿಂದ ಸುಮಾರು ಒಂದು ಗಂಟೆ ದೂರದ ಟ್ಯೂಬಿಂಗನ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ತಮ್ಮ ಕೊನೆಗಾಲ ಕಳೆದ ಊರು. ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ಅಲ್ಲಿಯೇ ನಿಧನರಾದರು. ಅದೇ ಊರಿನ ನೆಕ್ಕರ್ ನದಿಯ ದಂಡೆಯ ಹಳದಿ ಗೋಪುರದಲ್ಲಿ ಕವಿ ಹೋಲ್ಡರ್ಲಿನ್ 1843ರ ಜೂನ್‌ನಲ್ಲಿ ಕಣ್ಣುಮುಚ್ಚಿದರು. ಮರುತಿಂಗಳ ಮೊದಲ ದಿನ, ಜುಲೈ 1ರಂದು, ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಎಸ್ಲಿಂಗನ್, ಸ್ಟುಟ್‌ಗಾರ್ಟ್‌ನ ಲೋಕಲ್ ರೈಲು ಮುಟ್ಟುವ ದೂರದಲ್ಲೇ ಇದೆ.

ಮ್ಯೂನಿಕ್ ಸಮೀಪದ ಡಾಖಾವ್ ಯಾತನಾ ಶಿಬಿರ ಬೇರೊಂದು ಬಗೆಯ ಭೇಟಿ. 1933ರಲ್ಲಿ ನಾಜಿಗಳು ತೆರೆದ ಈ ಶಿಬಿರದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಟಿಪ್ಪು ಸುಲ್ತಾನನ ವಂಶಸ್ಥೆ, ಬ್ರಿಟಿಷ್ ಗುಪ್ತಚಾರಿಣಿ ನೂರ್ ಇನಾಯತ್ ಖಾನ್ ಅವರನ್ನು 1944ರ ಸೆಪ್ಟೆಂಬರ್‌ನಲ್ಲಿ ಗುಂಡಿಟ್ಟು ಕೊಂದದ್ದು ಇಲ್ಲಿಯೇ. ಪ್ರವೇಶ ಉಚಿತ, ಭಾನುವಾರವೂ ತೆರೆದಿರುತ್ತದೆ. ಗುಂಪು ಕಟ್ಟಿ ನಗುನಗುತ್ತ ಹೋಗುವ ಜಾಗವಲ್ಲ; ಅಂದು ಬೇರೆ ಕಾರ್ಯಕ್ರಮ ಇಟ್ಟುಕೊಳ್ಳದಿರುವುದು ಲೇಸು.

ಫ್ರೈಬುರ್ಗ್ ಕಡೆಯಲ್ಲಿರುವವರಿಗೆ ಬಾಸೆಲ್ ಹತ್ತಿರ. ಮಂಗಳೂರಿಗೆ ಹೆಂಚು ಮತ್ತು ಮುದ್ರಣಾಲಯ ತಂದ ಬಾಸೆಲ್ ಮಿಶನ್ 1815ರಲ್ಲಿ ಹುಟ್ಟಿದ್ದು ಈ ಸ್ವಿಸ್ ನಗರದಲ್ಲಿ. ಅಲ್ಲಿನ ಬಾಡಿಷರ್ ನಿಲ್ದಾಣದವರೆಗೆ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ. ಆದರೆ ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲವಾದ್ದರಿಂದ ಉಚಿತ ರೋಮಿಂಗ್ ನಿಯಮ ಅದಕ್ಕೆ ಅನ್ವಯಿಸದು. ರೈಲು ಇಳಿಯುವ ಮುನ್ನ ಮೊಬೈಲ್‌ನ ಡೇಟಾ ಆರಿಸದಿದ್ದರೆ ಪ್ರಯಾಣಕ್ಕೆ ಉಳಿಸಿದ ಹಣ ಫೋನ್ ಬಿಲ್ಲಿಗೆ ಹೋಗಬಹುದು.

ಕೊನೆಯ ವಾರಾಂತ್ಯ ಬಂದಾಗ ಕೋಣೆಯ ಮೂಲೆಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಗಳ ರಾಶಿ ಬಿದ್ದಿರುತ್ತದೆ. ಒಂದೊಂದಕ್ಕೂ 25 ಸೆಂಟ್ ಠೇವಣಿ ಕಟ್ಟಿರುವುದರಿಂದ ಅಂಗಡಿಯ ಯಂತ್ರಕ್ಕೆ ಮರಳಿಸಿ ಹಣ ಪಡೆಯಬಹುದು. ಭಾನುವಾರ ವಿಮಾನ ಏರುವವರು ಅದನ್ನು ಶನಿವಾರ ರಾತ್ರಿ ಅಂಗಡಿ ಮುಚ್ಚುವುದರೊಳಗೆ ಮುಗಿಸಬೇಕು.