ಮೂರು ಸರದಿಯ ಮುನ್ಸೂಚನೆ

ಸ್ವೀಡನ್ನಿನ ಇಲ್‌ವಿಂಟರ್ ತಂಡ ರೂಪಿಸಿದ ‘ಡೊಮಿನಿಯನ್ಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ದೇವರ ಪಟ್ಟಕ್ಕೆ ಹಕ್ಕು ಹೂಡಿದವನು. ಒಂದೇ ನಕ್ಷೆಯ ಮೇಲೆ ಹಲವರು ಸೇನೆ ಕಟ್ಟುತ್ತಾರೆ, ಮಂತ್ರ ಕಲಿಯುತ್ತಾರೆ, ಸಿಂಹಾಸನಗಳಿಗೆ ಕಾದಾಡುತ್ತಾರೆ. ಪ್ರತಿ ಸರದಿಯಲ್ಲೂ ಎಲ್ಲರೂ ತಮ್ಮ ತಮ್ಮ ಆಜ್ಞೆಗಳನ್ನು ಗುಟ್ಟಾಗಿ ಕಳಿಸುತ್ತಾರೆ. ಅವೆಲ್ಲ ಒಟ್ಟಿಗೇ ಜಾರಿಯಾಗುತ್ತವೆ. ನೆರೆಯವನ ಸೇನೆ ಗಡಿ ದಾಟಿದ್ದು ನಮಗೆ ತಿಳಿಯುವುದು ದಾಟಿದ ಮೇಲೆಯೇ.

ಇದರಲ್ಲಿ ‘ಆರ್ಕೇನ್ ನೆಕ್ಸಸ್’ ಎಂಬ ಮಂತ್ರವಿದೆ. ಒಬ್ಬ ಇದನ್ನು ಹಾಕಿದ ಮೇಲೆ ಆಟದ ಜಗತ್ತಿನಲ್ಲಿ ಯಾರು ಮಂತ್ರಕ್ಕೆ ರತ್ನ ಖರ್ಚು ಮಾಡಿದರೂ ಒಂದು ಪಾಲು ಇದನ್ನು ಹಾಕಿದವನ ಬೊಕ್ಕಸಕ್ಕೆ ಸೇರುತ್ತದೆ. ಹಾಕಿದ ಸುದ್ದಿ ಎಲ್ಲರಿಗೂ ಮುಟ್ಟುತ್ತದೆ. ಆತ ಯಾರ ಮೇಲೂ ಒಂದು ಬಾಣ ಬಿಟ್ಟಿರುವುದಿಲ್ಲ. ಆದರೂ ನಿನ್ನೆಯವರೆಗೆ ಪರಸ್ಪರ ಕಾದಾಡುತ್ತಿದ್ದವರು ಅವನ ವಿರುದ್ಧ ಒಂದಾಗತೊಡಗುತ್ತಾರೆ.

ಇದರ ಹಿಂದೆ ಗಣಿತವಿದೆ. ಮೂವರು ಬಂದೂಕು ಹಿಡಿದು ನಿಂತಿದ್ದಾರೆ ಎಂದುಕೊಳ್ಳಿ. ಮೊದಲನೆಯವನ ಗುರಿ ಮೂರರಲ್ಲಿ ಒಂದು ಸಲ ತಾಗುತ್ತದೆ, ಎರಡನೆಯವನದು ಎರಡು ಸಲ, ಮೂರನೆಯವನದು ತಪ್ಪುವುದೇ ಇಲ್ಲ. ಒಬ್ಬನೇ ಉಳಿಯುವ ತನಕ ಇದೇ ಸರದಿಯಲ್ಲಿ ಗುಂಡು ಹಾರಿಸಬೇಕು. ಮೊದಲನೆಯವನಿಗೆ ಒಳ್ಳೆಯ ಉಪಾಯ, ಮೊದಲ ಗುಂಡನ್ನು ಆಕಾಶಕ್ಕೆ ಹಾರಿಸಿಬಿಡುವುದು. ಬಲಶಾಲಿಗಳಿಬ್ಬರೂ ಪರಸ್ಪರ ಗುರಿಯಿಡುತ್ತಾರೆ. ಲೆಕ್ಕ ಹಾಕಿದರೆ ಮೊದಲನೆಯವನು ಉಳಿಯುವ ಸಂಭವ ಸುಮಾರು ಶೇ. 40, ಎರಡನೆಯವನದು ಶೇ. 38. ಎಂದೂ ಗುರಿ ತಪ್ಪದವನದು ಶೇ. 22 ಮಾತ್ರ! ಅವನ ಸಾಮರ್ಥ್ಯವೇ ಅವನನ್ನು ಎದುರಾಳಿಯ ಮೊದಲ ಗುರಿಯಾಗಿಸುತ್ತದೆ.

ಹಾಗಾದರೆ ದೊಡ್ಡವನಿಗೆ ಯಾವಾಗಲೂ ಇದೇ ಗತಿಯೇ? ಇಲ್ಲ. ದೇಶಗಳು ಕೂಟ ಕಟ್ಟುವುದು ಬಲಕ್ಕಿಂತ ಹೆಚ್ಚಾಗಿ ಬೆದರಿಕೆಯ ವಿರುದ್ಧ ಎಂದು ರಾಜಕೀಯ ವಿಜ್ಞಾನಿ ಸ್ಟೀಫನ್ ವಾಲ್ಟ್ 1987ರಲ್ಲಿ ವಾದಿಸಿದರು. ಒಟ್ಟು ಬಲದ ಜೊತೆಗೆ ಎದುರಿನವನು ಎಷ್ಟು ಹತ್ತಿರದಲ್ಲಿದ್ದಾನೆ, ದಾಳಿ ಮಾಡುವ ತಾಕತ್ತು ಎಷ್ಟು, ಮನಸ್ಸಿನಲ್ಲಿ ಏನಿದೆ ಎಂಬುದೂ ಸೇರಿಯೇ ಬೆದರಿಕೆ. ಹತ್ತಿರದವನ ಭಯ ಕೌಟಿಲ್ಯನಿಗೂ ಗೊತ್ತಿತ್ತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ‘ಅರ್ಥಶಾಸ್ತ್ರ’ದ ಮಂಡಲ ಸಿದ್ಧಾಂತದಲ್ಲಿ ಗಡಿಗೆ ಹೊಂದಿದವನು ಶತ್ರು, ಅವನಾಚೆಯವನು ಮಿತ್ರ.

ವಾಲ್ಟ್ ಹೇಳಿದ ಬೆದರಿಕೆಯ ನಾಲ್ಕು ಅಂಶಗಳಲ್ಲಿ ಕಣ್ಣಿಗೆ ಕಾಣದ್ದು ಮನಸ್ಸಿನ ಉದ್ದೇಶ. ತೊಡಕು ಹುಟ್ಟುವುದು ಅಲ್ಲೇ. ನಾನು ಹೆದರಿ ಗಡಿಗೆ ಸೇನೆ ತಂದರೆ ನೀವು ಅದನ್ನು ದಾಳಿಯ ಸಿದ್ಧತೆ ಎಂದುಕೊಂಡು ಇನ್ನಷ್ಟು ಸೇನೆ ತರುತ್ತೀರಿ. ಅದನ್ನು ಕಂಡು ನನ್ನ ಹೆದರಿಕೆ ನಿಜವೇ ಅನ್ನಿಸುತ್ತದೆ. 1950ರಲ್ಲಿ ಜಾನ್ ಹರ್ಜ್ ಇದನ್ನು ಭದ್ರತೆಯ ಇಕ್ಕಟ್ಟು ಎಂದು ಕರೆದರು. ರಕ್ಷಣೆಯ ಸಿದ್ಧತೆಯನ್ನೂ ದಾಳಿಯ ಸಿದ್ಧತೆಯನ್ನೂ ಬೇರೆಬೇರೆಯಾಗಿ ಗುರುತಿಸಲು ಸಾಧ್ಯವಾದರೆ ಈ ಇಕ್ಕಟ್ಟು ಸಡಿಲವಾಗುತ್ತದೆ ಎಂದು 1978ರಲ್ಲಿ ರಾಬರ್ಟ್ ಜರ್ವಿಸ್ ತೋರಿಸಿದರು. ಕೋಟೆ ನಡೆದು ಬಂದು ಯಾರ ಊರನ್ನೂ ಸುಡುವುದಿಲ್ಲ. ಕುದುರೆ ಸೇನೆಯ ಬಗ್ಗೆ ಹಾಗೆ ಹೇಳಲಾಗದು.

ಡೊಮಿನಿಯನ್ಸ್ ಆಡುವವರು ಇದಕ್ಕೆ ತಮ್ಮದೇ ಮದ್ದು ಕಂಡುಕೊಂಡಿದ್ದಾರೆ. ಅವರ ನಡುವೆ ‘ನ್ಯಾಪ್-3’ ಎಂಬ ಒಪ್ಪಂದ ಬಹಳ ಬಳಕೆಯಲ್ಲಿದೆ: ನಿನ್ನ ಮೇಲೆ ಏರಿ ಬರುವುದಾದರೆ ಮೂರು ಸರದಿ ಮೊದಲೇ ಹೇಳುತ್ತೇನೆ. ಇದರಲ್ಲಿ ಸ್ನೇಹದ ಮಾತಿಲ್ಲ, ಯುದ್ಧವೇ ಬೇಡವೆಂಬ ಆಣೆಯೂ ಇಲ್ಲ. ಆದರೆ ಆ ಮೂರು ಸರದಿಯ ಭರವಸೆ ಇದ್ದರೆ ಗಡಿಯಲ್ಲಿ ಹಗಲಿರುಳು ಸೇನೆ ನಿಲ್ಲಿಸಬೇಕಿಲ್ಲ. ನನ್ನ ಸೇನೆ ಹಿಂದೆ ಸರಿದರೆ ನಿಮ್ಮ ಹೆದರಿಕೆಯೂ ಇಳಿಯುತ್ತದೆ. ಮೇಲೇರುತ್ತಿದ್ದ ಸುರುಳಿಯೇ ಈಗ ಕೆಳಗಿಳಿಯತೊಡಗುತ್ತದೆ.

ನೆರೆಯವನ ಮನಸ್ಸನ್ನು ಓದಲು ನಮ್ಮಿಂದಾಗದು. ಆದರೆ ಅವನು ಮನಸ್ಸು ಬದಲಿಸಿದ್ದು ತಿಳಿಯುವುದಕ್ಕೂ ಏಟು ಬೀಳುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಸಿಕ್ಕರೆ ಸಾಕು. ಅಪರಿಚಿತರೂ ಅಕ್ಕಪಕ್ಕದಲ್ಲಿ ನೆಮ್ಮದಿಯಾಗಿ ಬಾಳಬಲ್ಲರು.