ಹೊಸ ಮಾನಕ ಜಾರಿಗೆ ಬರುವ ದಿನ

ಲ್ಯಾಪ್‌ಟಾಪ್ ಚಾರ್ಜರಿನ ಬೆನ್ನಿನ ಮೇಲಿರುವ ಸಣ್ಣ ಅಕ್ಷರಗಳನ್ನೊಮ್ಮೆ ಓದಿ ನೋಡಿ. ಭಾರತೀಯ ಮಾನಕ ಬ್ಯೂರೋದ ಗುರುತಿನ ಜೊತೆಗೆ ಐಎಸ್ 13252 ಎಂಬ ಸಂಖ್ಯೆ ಕಾಣಬಹುದು. ಅದರ ಮೂಲ, ಜಿನೀವಾದಲ್ಲಿ ಕೇಂದ್ರ ಕಚೇರಿಯಿರುವ ಐಇಸಿ ಎಂಬ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಕಂಪ್ಯೂಟರ್ ಮುಂತಾದ ಉಪಕರಣಗಳ ಸುರಕ್ಷತೆಗೆಂದು ರೂಪಿಸಿದ 60950-1. ಟಿವಿ, ರೇಡಿಯೊಗಳಿಗೆ 60065 ಎಂಬ ಬೇರೆಯೇ ಮಾನಕವಿತ್ತು. ಟಿವಿಯೊಳಗೇ ಕಂಪ್ಯೂಟರ್ ಬಂದು ಕೂತ ಕಾಲದಲ್ಲಿ ಈ ವಿಂಗಡಣೆ ಅರ್ಥ ಕಳೆದುಕೊಂಡಿತು. ಎರಡರ ಜಾಗವನ್ನೂ ತುಂಬಲು 2010ರಲ್ಲಿ 62368-1 ಹೊರಬಂತು. ಉಪಕರಣದೊಳಗಿನ ಪ್ರತಿಯೊಂದು ಶಕ್ತಿಮೂಲವನ್ನೂ ಅದು ಮೂರು ದರ್ಜೆಗಳಲ್ಲಿ ಅಳೆಯುತ್ತದೆ. ಆ ಶಕ್ತಿಗೂ ಮನುಷ್ಯನ ಮೈಗೂ ನಡುವೆ ಎಂಥ ತಡೆ ಇದೆ ಎಂದು ಕೇಳುತ್ತದೆ.

ಮಾನಕ ಅಚ್ಚಾದ ದಿನವೇ ಅದು ಜಾರಿಗೆ ಬರುವುದಿಲ್ಲ. ಐಇಸಿಯ ಪಠ್ಯ ತಾನಾಗಿ ಯಾವ ಕಾರ್ಖಾನೆಯನ್ನೂ ಕಟ್ಟಿಹಾಕಲಾರದು. ಒಂದೊಂದು ದೇಶ ಅಥವಾ ಒಕ್ಕೂಟ ಅದನ್ನು ತನ್ನದಾಗಿಸಿಕೊಂಡು, ಗಡುವು ಗೊತ್ತುಮಾಡಬೇಕು. ನನ್ನ ಮಟ್ಟಿಗೆ ಈ ಗಡುವು ಗೊತ್ತುಮಾಡುವ ಕೆಲಸ ಮಾನಕ ಬರೆಯುವಷ್ಟೇ ನಾಜೂಕಿನದು. ಹತ್ತಿರದ ದಿನ ಇಟ್ಟರೆ ಪರೀಕ್ಷಾಲಯಗಳ ಮುಂದೆ ಸಾಲು ಬೆಳೆಯುತ್ತದೆ. ದೂರದ್ದನ್ನು ಇಟ್ಟರೆ ಹೊಸ ಅರಿವು ಬಳಕೆದಾರನನ್ನು ತಲುಪುವುದೇ ತಡ.

ಯುರೋಪಿನ ಮಾನಕದ ಮುನ್ನುಡಿಯಲ್ಲಿ ಎರಡು ದಿನಾಂಕಗಳಿರುತ್ತವೆ: ಸದಸ್ಯ ದೇಶಗಳು ಅದನ್ನು ತಮ್ಮ ರಾಷ್ಟ್ರೀಯ ಮಾನಕವಾಗಿ ಪ್ರಕಟಿಸಬೇಕಾದ ಕೊನೆಯ ದಿನ, ಅದಕ್ಕೆ ವಿರುದ್ಧವಾದ ಹಳೆಯದನ್ನು ಹಿಂತೆಗೆಯಬೇಕಾದ ದಿನ. ಇವೆರಡರ ನಡುವೆ ಹಳತೂ ಹೊಸತೂ ಜೊತೆಯಾಗಿ ನಡೆಯುತ್ತವೆ. 62368-1ರ ಎರಡನೆಯ ಆವೃತ್ತಿ 2014ರದು. ಹಳೆಯ ಎರಡರ ಹಿಂತೆಗೆತದ ದಿನ ಮೊದಲು 2019ರ ಜೂನ್ 20 ಎಂದಿತ್ತು. ಆಮೇಲೆ 2020ರ ಡಿಸೆಂಬರ್ 20ಕ್ಕೆ ಹೋಯಿತು. ಉದ್ಯಮಕ್ಕೆ ಹೀಗೆ ಒಂದೂವರೆ ವರ್ಷ ಹೆಚ್ಚು ಸಿಕ್ಕಿತು.

ಬಿಡಿಭಾಗಗಳ ವಿಷಯದಲ್ಲಂತೂ ಮಾನಕ ಬರೆದ ಸಮಿತಿಯ ವಿವೇಕ ಎದ್ದು ಕಾಣುತ್ತದೆ. ಟಿವಿ ತಯಾರಿಸುವವನು ಪವರ್ ಸಪ್ಲೈಯನ್ನು ಬೇರೆ ಕಡೆಯಿಂದ ಕೊಳ್ಳುತ್ತಾನೆ. ಅದು ಬದಲಾಗುವ ತನಕ ಇವನೂ ಕಾಯಬೇಕೆಂದರೆ ಇಡೀ ಸರಪಳಿ ನಿಂತುಹೋದೀತು. ಆದ್ದರಿಂದ, ಹಳೆಯ ಎರಡು ಮಾನಕಗಳಿಗೆ ಹೊಂದುವ ಬಿಡಿಭಾಗಗಳನ್ನೂ ಹೊಸ ಉಪಕರಣದಲ್ಲಿ ಬಳಸಬಹುದೆಂದು ಎರಡನೆಯ ಆವೃತ್ತಿ ಅವಕಾಶ ಕೊಟ್ಟಿತು. 2018ರ ಮೂರನೆಯ ಆವೃತ್ತಿ ಆ ಬಾಗಿಲನ್ನು ಮುಚ್ಚಿತು.

ಗಡುವು ಅನ್ವಯಿಸುವುದು ಯಾವುದಕ್ಕೆ? ಯುರೋಪಿನಲ್ಲಿ ಲೆಕ್ಕ ಮಾದರಿಯದ್ದಲ್ಲ, ಒಂದೊಂದು ಬಿಡಿ ಸರಕಿನದು. ಆ ದಿನದ ಮೊದಲೇ ಮಾರುಕಟ್ಟೆಗೆ ಪೂರೈಕೆಯಾಗಿ ಅಂಗಡಿಯ ಕಪಾಟು ಸೇರಿದ ಟಿವಿಯನ್ನು ಮುಂದೆಯೂ ಮಾರಬಹುದು. ಅದೇ ಮಾದರಿಯ ಟಿವಿ ಮರುದಿನ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದರೆ, ಹಿಂತೆಗೆದ ಮಾನಕದ ಹೆಸರು ಹೇಳಿ ಪಾರಾಗುವಂತಿಲ್ಲ. ಅಮೆರಿಕದಲ್ಲಿ ಯುಎಲ್ ಸಂಸ್ಥೆ ಆರಿಸಿದ್ದೂ ಅದೇ 2020ರ ಡಿಸೆಂಬರ್ 20. ಆದರೆ ಅಲ್ಲಿ ಆ ಮೊದಲೇ ಪ್ರಮಾಣಪತ್ರ ಪಡೆದ ಉತ್ಪನ್ನಗಳು ಕೂಡಲೇ ಮರುಪರೀಕ್ಷೆಗೆ ಹೋಗಬೇಕಿರಲಿಲ್ಲ; ವಿನ್ಯಾಸದಲ್ಲಿ ದೊಡ್ಡ ಬದಲಾವಣೆಯಾದಾಗ ಹೊಸ ಮಾನಕದ ಪ್ರಶ್ನೆ ಏಳುತ್ತಿತ್ತು.

2023ರಲ್ಲಿ ಐಇಸಿ ನಾಲ್ಕನೆಯ ಆವೃತ್ತಿಯನ್ನು ಹೊರತಂದಿದೆ. ಭಾರತವೂ 62368-1 ಅನ್ನು ತನ್ನ ಮಾನಕವಾಗಿ ಸ್ವೀಕರಿಸಿದೆ. ಬೆಂಗಳೂರಿನಲ್ಲಿ ಕೂತು ಮೂರು ಖಂಡಗಳಿಗೆ ಒಂದೇ ಪವರ್ ಸಪ್ಲೈ ವಿನ್ಯಾಸ ಮಾಡುವ ಎಂಜಿನಿಯರ್ ಮೊದಲು ವಿಚಾರಿಸುವುದು, ಯಾವ ದೇಶದಲ್ಲಿ ಯಾವ ಆವೃತ್ತಿ, ಯಾವ ದಿನದ ತನಕ ಎಂದು.