ಮುಂಬೈಯಲ್ಲಿ ಗುರುತಾದ ಮಿದುಳಿನ ಕಾಯಿಲೆಗಳು

ಮುಂಬೈಯ ಪವಾಯಿಯಲ್ಲಿ ಇವತ್ತು ಯಾರಿಗಾದರೂ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗಿ, ಗುಡ್ಡೆ ಹೊರಳಿಸಿದರೆ ನೋವು ಕಾಣಿಸಿದರೆ, ಇಲ್ಲಿಯ ಹೀರಾನಂದಾನಿ ಆಸ್ಪತ್ರೆಯಲ್ಲೇ ಎಂಆರ್‌ಐ ತೆಗೆಸಬಹುದು. 1975ರಲ್ಲಿ ಆ ಆಸ್ಪತ್ರೆಯೂ ಇರಲಿಲ್ಲ, ದೇಶದಲ್ಲೆಲ್ಲೂ ಎಂಆರ್‌ಐ ಯಂತ್ರವೂ ಇರಲಿಲ್ಲ. ಆ ವರ್ಷ ಮುಂಬೈಯ ನರರೋಗ ತಜ್ಞರಾದ ಡಾ. ಭೀಮ್ ಸಿಂಘಾಲ್ ಮತ್ತು ಡಾ. ನೋಶಿರ್ ವಾಡಿಯಾ ‘ಜರ್ನಲ್ ಆಫ್ ದಿ ನ್ಯೂರಾಲಜಿಕಲ್ ಸೈನ್ಸಸ್’ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಮುಂಬೈ ಸೀಮೆಯ ಜನರಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದು ಅದರ ವಿಷಯ.

ರೋಗಿಗಳೂ ವೈದ್ಯರೂ ಎಂಎಸ್ ಎಂದೇ ಕರೆಯುವ ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಕಣಗಳು ಅದೇ ದೇಹದ ನರಗಳ ಮೇಲಿನ ಮಯಲಿನ್ ಪೊರೆಯ ಮೇಲೆ ಎರಗುತ್ತವೆ. ಕಣ್ಣಿನ ನರ, ಮಿದುಳು, ಬೆನ್ನುಹುರಿ ಎಲ್ಲಾದರೂ ಪೆಟ್ಟು ಬೀಳಬಹುದು. ಸಾಮಾನ್ಯವಾಗಿ ಇಪ್ಪತ್ತು, ಮೂವತ್ತರ ಹರೆಯದಲ್ಲಿ ಶುರು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬಂದು ಹೋಗಿ ಮತ್ತೆ ಬರುವುದು ಇದರ ಸ್ವಭಾವ. ಮೈ ಕಾವೇರಿದರೆ ಲಕ್ಷಣಗಳು ಉಲ್ಬಣಿಸುವುದರಿಂದ ಮುಂಬೈಯ ಮೇ ತಿಂಗಳು ಈ ರೋಗಿಗಳಿಗೆ ಬಹಳ ಕಠಿಣ.

ಇದು ಚಳಿದೇಶಗಳ, ಬಿಳಿಯರ ಕಾಯಿಲೆ ಎಂಬ ನಂಬಿಕೆ ಆಗ ಬಲವಾಗಿತ್ತು. ನಮ್ಮಲ್ಲಿ ಕಾಲು ಸೋತು ಬಂದವರಿಗೆ ಮೊದಲು ಕ್ಷಯವಿದೆಯೇ, ಬಿ12 ಕೊರತೆಯಿದೆಯೇ ಎಂದು ನೋಡುತ್ತಿದ್ದರು. ಅದು ಸರಿಯೂ ಹೌದು. ಆದರೆ ‘ನಮ್ಮಲ್ಲಿಲ್ಲ’ ಎಂದುಕೊಂಡವರಿಗೆ ಕಣ್ಣೆದುರಿನ ಎಂಎಸ್ ಕಾಣುವುದು ಕಷ್ಟ. ಸಿಂಘಾಲ್ ಮತ್ತು ವಾಡಿಯಾ ಕಂಡರು. ರೋಗಿಯ ಮಾತು ಕೇಳಿ, ಸುತ್ತಿಗೆಯಿಂದ ಮಂಡಿ ತಟ್ಟಿ, ಕಣ್ಣಿನ ಹಿಂಭಾಗ ಪರೀಕ್ಷಿಸಿ ಮಾಡಿದ ಕೆಲಸವದು. ವಾಡಿಯಾ ಮುಂದೆ ಪಾರ್ಸಿಗಳಲ್ಲಿ ಎಂಎಸ್ ಎಷ್ಟು ವ್ಯಾಪಕವೆಂದು 1990ರಲ್ಲಿ ತೋರಿಸಿಕೊಟ್ಟರು. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ 1985ರಲ್ಲಿ ಹುಟ್ಟಿದ್ದೂ ಇದೇ ನಗರದಲ್ಲಿ.

ಸಿಂಘಾಲ್ ಅವರ ಇನ್ನೊಂದು ಶೋಧ ನನಗೆ ಇದಕ್ಕಿಂತಲೂ ದೊಡ್ಡದೆನಿಸುತ್ತದೆ. ಮರೈನ್ ಲೈನ್ಸ್‌ನ ಬಾಂಬೆ ಹಾಸ್ಪಿಟಲ್‌ನಲ್ಲಿ ಅವರೂ ಸಹೋದ್ಯೋಗಿಗಳೂ ವಿಚಿತ್ರ ಹೋಲಿಕೆಯಿದ್ದ ಮಕ್ಕಳನ್ನು ಕಂಡರು. ಹುಟ್ಟಿದ ಮೊದಲ ವರ್ಷದಲ್ಲೇ ತಲೆ ದೊಡ್ಡದಾಗುತ್ತಿತ್ತು. ಮಗು ಹೆಚ್ಚುಕಡಿಮೆ ಎಲ್ಲರಂತೆ ನಡೆಯುತ್ತಿತ್ತು, ಮಾತಾಡುತ್ತಿತ್ತು. ಕೆಲ ವರ್ಷಗಳಾದ ಮೇಲೆ ನಡಿಗೆ ತಪ್ಪುತ್ತಿತ್ತು, ಸೆಳೆತ ಬರುತ್ತಿತ್ತು. ಸ್ಕ್ಯಾನ್ ನೋಡಿದರೆ ಮಿದುಳಿನ ಬಿಳಿ ಭಾಗವೆಲ್ಲ ಊದಿಕೊಂಡು, ಕಿವಿಯ ಪಕ್ಕದ ಭಾಗದಲ್ಲಿ ನೀರುಗುಳ್ಳೆಗಳು. ಅಂಥ ಸ್ಕ್ಯಾನಿನ ಮಗು ಎದುರಿಗೆ ನಿಂತು ಮಾತಾಡುತ್ತಿದೆಯೆಂದರೆ ನಂಬಲಾಗದು. ಈ ಮಕ್ಕಳು ಬಹುತೇಕ ಅಗರ್ವಾಲ್ ಸಮುದಾಯದವರು ಎಂಬುದನ್ನು ಅವರು ಗಮನಿಸಿದರು. 1991ರಲ್ಲಿ ಟೋಕಿಯೊದ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು, 1996ರಲ್ಲಿ ವಿವರವಾದ ಪ್ರಬಂಧ ಬಂತು. ನಡುವೆ, 1995ರಲ್ಲಿ, ನೆದರ್ಲೆಂಡ್ಸ್‌ನ ಮಾರ್ಯೊ ವಾನ್ ಡರ್ ಕ್ನಾಪ್ ಇದೇ ಕಾಯಿಲೆಯನ್ನು ವರ್ಣಿಸಿದ್ದರು.

2001ರಲ್ಲಿ ಈ ಕಾಯಿಲೆಗೆ ಕಾರಣವಾದ ಎಂಎಲ್‌ಸಿ1 ಎಂಬ ಜೀನ್ ಪತ್ತೆಯಾಯಿತು. ಅಗರ್ವಾಲ್ ಮಕ್ಕಳಲ್ಲಿ ದೋಷ ಬಹುತೇಕ ಒಂದೇ. ಅಂದರೆ ತಲೆಮಾರುಗಳ ಹಿಂದಿನ ಒಬ್ಬ ಪೂರ್ವಜರಿಂದ ಬಂದದ್ದು. ಗೋತ್ರದ ಹೊರಗೆ, ಆದರೆ ಸಮುದಾಯದ ಒಳಗೇ ಮದುವೆಯಾಗುವ ರೂಢಿಯಲ್ಲಿ ಅದು ಉಳಿದುಬಂದಿದೆ. ತಂದೆ ತಾಯಿ ಇಬ್ಬರಲ್ಲೂ ಈ ಜೀನಿನ ಒಂದೊಂದು ದೋಷಪೂರಿತ ಪ್ರತಿಯಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದು ತಿಳಿದಿರುವುದರಿಂದ ಈಗ ಅಂಥ ದಂಪತಿಗೆ ಗರ್ಭದಲ್ಲೇ ಪರೀಕ್ಷೆ ಮಾಡಿಸಿಕೊಳ್ಳುವ ದಾರಿಯಿದೆ. ಮನೆತನದ ಹೆಸರನ್ನೂ ಕಿವಿಗೊಟ್ಟು ಕೇಳಿದ ವೈದ್ಯರಿಂದ ಇದು ಸಾಧ್ಯವಾಯಿತು.

ಮುಂಬೈ ಕನ್ನಡಿಗರಲ್ಲಿ ಬಹಳ ಮಂದಿಯ ಊರು ದಕ್ಷಿಣ ಕನ್ನಡ, ಉಡುಪಿ. ಅವರಿಗೆ ಹೇಳಲೇಬೇಕಾದ ಇನ್ನೊಂದು ಹೆಸರು ಡಾ. ಲೇಖಾ ಪಂಡಿತ್. ಮಂಗಳೂರಿನ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಅವರು ಮಯಲಿನ್ ಕಾಯಿಲೆಗಳ ರೋಗಿಗಳ ದಾಖಲೆಯನ್ನು ಕಟ್ಟಿದರು. ಮಂಗಳೂರು ನಗರದಲ್ಲಿ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಎಸ್ ಪ್ರಮಾಣ ಲಕ್ಷ ಜನರಿಗೆ ಸುಮಾರು 8 ಎಂದು ಕಂಡುಬಂತು. ಕಣ್ಣಿನ ನರ ಮತ್ತು ಬೆನ್ನುಹುರಿಗೇ ಹೆಚ್ಚಾಗಿ ಎರಗುವ, ಎಂಎಸ್‌ನಂತೆಯೇ ತೋರುವ ಇನ್ನೊಂದು ಕಾಯಿಲೆ ಎನ್‌ಎಂಒ. ಅದನ್ನೂ ಈ ಅಧ್ಯಯನ ಪ್ರತ್ಯೇಕವಾಗಿ ಎಣಿಸಿತು.

ಈ ಎರಡನ್ನು ಬೇರ್ಪಡಿಸುವುದು ರೋಗಿಯ ಬದುಕಿನ ಪ್ರಶ್ನೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಚುಚ್ಚುಮದ್ದು ಎನ್‌ಎಂಒ ಇರುವವರನ್ನು ಇನ್ನಷ್ಟು ಹಾಳು ಮಾಡಬಹುದು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನ್ನನ್ ತಂಡ ಎನ್‌ಎಂಒ ರೋಗಿಗಳ ರಕ್ತದಲ್ಲಿ ಒಂದು ವಿಶಿಷ್ಟ ಪ್ರತಿಕಾಯವನ್ನು ಕಂಡುಹಿಡಿಯಿತು. ಅದನ್ನು ಜೀವಕೋಶಗಳ ಮೇಲೆ ಪರೀಕ್ಷಿಸುವ ವಿಧಾನವನ್ನು ಲೇಖಾ ಪಂಡಿತ್ ಮತ್ತು ಅವರ ತಂಡ ದೇರಳಕಟ್ಟೆಯಲ್ಲೇ ಸಿದ್ಧಪಡಿಸಿಕೊಂಡಿತು. ಹೊರ ಊರುಗಳ ವೈದ್ಯರೂ ಅಲ್ಲಿಗೆ ರಕ್ತದ ಮಾದರಿ ಕಳಿಸಿದ್ದಾರೆ.

ಒಂದು ಕಣ್ಣು ಮಂಜಾದಾಗ ಬಹಳ ಮಂದಿ ಮೊದಲು ಕನ್ನಡಕದಂಗಡಿಗೆ ಹೋಗುತ್ತಾರೆ. ನೋವಿನ ಜತೆ ಎರಡು ಮೂರು ದಿನಗಳಲ್ಲೇ ದೃಷ್ಟಿ ಇಳಿಯುತ್ತಿದ್ದರೆ ಅದು ನರದ ಊತವಿರಬಹುದು. ಎನ್‌ಎಂಒ ಆಗಿದ್ದರಂತೂ ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ದೃಷ್ಟಿ ಉಳಿಯುತ್ತದೆ.